ಕೈ ಎತ್ತದ ಗೆರೆ

ಫಾಬ್ರಿಯಾನೊ
೬ ನವೆಂಬರ್ ೧೯೮೪, ಮಂಗಳವಾರ

ನನ್ನ ಓರ್ನೆಲ್ಲಾ,

ಹೇಗಿದ್ದೀಯೆ? ಟ್ರಿಯೆಸ್ತೆಯ ಗಾಳಿಗೆ ಕೆಮ್ಮು ಮತ್ತೆ ಶುರುವಾಯಿತೇ? ಹಾಲಿಗೆ ಜೇನು ಹಾಕಿ ಕುಡಿ ಎಂದರೆ ನೀನು ಕುಡಿಯುವವಳಲ್ಲ, ಆದರೂ ಹೇಳುತ್ತೇನೆ. ನನ್ನ ಮೊಣಕಾಲು ಎಂದಿನಂತೆ. ನಿನ್ನ ಅಪ್ಪನದೇ ಚಿಂತೆ. ಅವರಿಗೆ ಕಣ್ಣು ಕಾಣುತ್ತಿಲ್ಲ ಕಣೇ. ಬೆಳಕು, ನೆರಳು, ಅಷ್ಟೇ. ನನ್ನೊಡನೆಯೂ ಬಾಯಿಬಿಟ್ಟಿಲ್ಲ, ನಾನೂ ಕೇಳಿಲ್ಲ.

ನನಗೆ ಗೊತ್ತಾದದ್ದು ಅವರ ಗೆರೆಯಿಂದ. ಮೊದಲೆಲ್ಲ ಇದ್ದಿಲಿನಲ್ಲಿ ಒಂದು ಗೆರೆ ಎಳೆದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಬ್ರೆಡ್ಡಿನ ಚೂರಿನಿಂದ ಒರೆಸಿ ಮತ್ತೆ ಎಳೆಯುತ್ತಿದ್ದರಲ್ಲ. ಈಗ ಇದ್ದಿಲು ಹಾಳೆಗೆ ತಾಗಿತೆಂದರೆ ಚಿತ್ರ ಮುಗಿಯುವವರೆಗೆ ಎತ್ತುವುದಿಲ್ಲ. ಎತ್ತಿದರೆ ಬಿಟ್ಟ ಜಾಗ ಸಿಗುವುದಿಲ್ಲ. ಎಡಗೈ ಹಾಳೆಯ ಅಂಚನ್ನು ಬಿಡುವುದೇ ಇಲ್ಲ. ಊರಿನವರು ಇದನ್ನು ಹೊಸ ಶೈಲಿ ಎಂದು ಕೊಂಡಾಡುತ್ತಿದ್ದಾರೆ. ವಯಸ್ಸಾದಂತೆ ಡ್ರಾಯಿಂಗ್ ಮೇಷ್ಟ್ರ ಕೈ ಪಳಗಿದೆಯಂತೆ! ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ಆ ಹೊಗಳಿಕೆಯೇ ಈಗ ಕುತ್ತಿಗೆಗೆ ಬಂದಿದೆ. ಬರುವ ಭಾನುವಾರ ಕಾಗದ ಮಾಡುವವರ ಸಂಘದ ಸಭೆಯಲ್ಲಿ, ಎಲ್ಲರೆದುರು, ಯಾರಾದರೊಬ್ಬರನ್ನು ಕೂರಿಸಿ ಅವರ ಮುಖ ಬರೆಯಬೇಕಂತೆ. ಹೇಳಲು ಬಂದವನು ಕಾರ್ಖಾನೆಯ ಹಳೆಯ ಮೇಸ್ತ್ರಿ ಎಜಿಸ್ತೊ. ಹೊಸ ಹಾಳೆಯೊಂದನ್ನು ಅಪ್ಪನ ಕೈಗಿತ್ತ. ನಮ್ಮೂರಲ್ಲಿ ಹಾಳೆ ಕೈಗೆ ಬಂದರೆ ಮೊದಲು ಬೆಳಕಿಗೆ ಹಿಡಿದು ಒಳಗಿನ ನೀರಚ್ಚಿನ ಗುರುತು ನೋಡುವುದಲ್ಲವೇ? ಅಪ್ಪನೂ ಕಿಟಕಿಯತ್ತ ಹಿಡಿದರು. ಹೊಸ ಗುರುತು ಹೇಗಿದೆ ಎಂದು ಎಜಿಸ್ತೊ ಕೇಳಿದ. ಅಪ್ಪ ಹಾಳೆಯನ್ನು ಬೆರಳಲ್ಲಿ ತಟ್ಟಿ, "ಗುರುತು ಹಾಗಿರ್ಲಿ, ಅಂಟು ಕಮ್ಮಿ ಹಾಕಿದೀಯಲ್ಲೋ, ಸದ್ದೇ ಬರಲ್ಲ. ನಿನ್ ಹೆಂಡ್ತಿ ಮಾಡೋ ಸೂಪೂ ಹಿಂಗೇ ನೀರುನೀರಾ?" ಎಂದರು. ಅವನು ನಗುತ್ತಾ ಹೋದ. ಬಾಗಿಲು ಹಾಕಿ ಬಂದಾಗ ಅಪ್ಪನ ಅಂಗಿ ಬೆವರಿಗೆ ಒದ್ದೆಯಾಗಿತ್ತು.

ಅಂದಿನಿಂದ ಸರಿಯಾಗಿ ಉಂಡಿಲ್ಲ. ಮೈ ಸರಿಯಿಲ್ಲ, ಬರಲಾಗುವುದಿಲ್ಲ ಎಂದುಬಿಡಿ ಎಂದೆ. "ಗೆರೆ ಬಿಟ್ರೆ ನನ್ನತ್ರ ಇನ್ನೇನಿದೆ, ಎಲ್ವಿರಾ?" ಎಂದರು. ಭಾನುವಾರ ಅಷ್ಟು ಜನರೆದುರು ಅವರು ತಬ್ಬಿಬ್ಬಾಗಿ ನಿಲ್ಲುವುದನ್ನು ನಾನು ನೋಡಲಾರೆ.

ಬೆಚ್ಚಗಿರು ಮಗಳೇ. ಎರಡೂ ಕೆನ್ನೆಗೆ ಮುತ್ತು.

ನಿನ್ನ ಅಮ್ಮ,
ಎಲ್ವಿರಾ

ತಾ.ಕ.: ಅಂದು ಎದುರು ಕೂರುವವಳು ನೀನೇ ಎಂದು ಸಂಘದವರಿಗೆ ಹೇಳಿಬಿಟ್ಟಿದ್ದೇನೆ. ಕಾಣದೆಯೂ ಅಪ್ಪನ ಕೈ ಬರೆಯಬಲ್ಲ ಮುಖ ನಿನ್ನದೊಂದೇ. ಶನಿವಾರದ ರೈಲಿಗೆ ತಪ್ಪದೆ ಬಾ. ಬಂದ ಕೂಡಲೇ ಏನಾದರೂ ನೆಪ ಮಾಡಿ ಅವರ ಕೈಯನ್ನು ನಿನ್ನ ತಲೆಯ ಮೇಲೆ ಇಡಿಸಿಕೋ. ಕೂದಲು ಕತ್ತರಿಸಿಕೊಂಡ ಫೋಟೊ ಕಳಿಸಿದ್ದೆಯಲ್ಲ, ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, "ಜಡೆ ಇನ್ನೂ ಉದ್ದ ಆಗಿದೆ ನೋಡು" ಎಂದರು. ನಾನು ಹೂಂ ಎಂದೆ.