ಅಕ್ಬರಿಯ ಹೊಲದಲ್ಲಿ ನಡೆದ ವಾರ್ಷಿಕ ಸಭೆ

ಮಾನ್ಯ ಸಹಕಾರ ಅಧಿಕಾರಿಗಳೇ,

ವಾರ್ಷಿಕ ಸಭೆಗೆ ಬರಲಿಲ್ಲವೆಂದು ನಮ್ಮ ಸಂಘದ ಅರವತ್ತೊಂದು ಸದಸ್ಯರ ಮತದ ಹಕ್ಕನ್ನು ನೀವು ಕಿತ್ತುಕೊಂಡಿದ್ದೀರಿ. ‘ಸಹಕಾರದಲ್ಲಿ ಆಸಕ್ತಿಯಿಲ್ಲ’ ಎಂದು ಷರಾ ಬರೆದು, ಸಂಘವನ್ನೇ ಮುಚ್ಚುವ ನೋಟಿಸು ಕಳಿಸಿದ್ದೀರಿ. ಜೊತೆಗೊಂದು ನಮೂನೆ: ‘ಸಣ್ಣ ರೈತರು ಸಂಘ ಸೇರಲು ಪ್ರೇರಣೆ ಏನು?’ ಸಾಲ, ಸಬ್ಸಿಡಿ, ಗೊಬ್ಬರ, ಇತರೆ; ಒಂದಕ್ಕೆ ಗುರುತು ಹಾಕಬೇಕಂತೆ. ಕೈ ಕಡಿದವನೇ ಬಂದು ಬಳೆಯ ಅಳತೆ ಕೇಳಿದ ಹಾಗಾಯಿತು.

‘ಇತರೆ’ಯ ಮುಂದೆ ನೀವು ಬಿಟ್ಟ ಜಾಗ ನನ್ನ ಹೆಬ್ಬೆರಳಿನಷ್ಟಿದೆ. ಅದರಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತೇನೆ. ನನಗಿರುವುದು ಎರಡೂವರೆ ಎಕರೆ. ಹಿಂದೆ ನಾನೊಬ್ಬಳೇ ನಾಲ್ಕು ಚೀಲ ತೊಗರಿಯನ್ನು ಹುಮನಾಬಾದಿನ ಮಾರುಕಟ್ಟೆಗೆ ಒಯ್ದಾಗ ಅಡತಿ ಅಂಗಡಿಯ ದಲ್ಲಾಳಿ ಸಂಜೆವರೆಗೆ ಬಿಸಿಲಲ್ಲಿ ಕೂರಿಸಿ, ‘ನಾಳಿ ಬಾ’ ಅಂದ. ಸಂಘದ ನಲವತ್ತು ಮಂದಿಯ ಚೀಲ ಒಂದೇ ಲಾರಿಯಲ್ಲಿ ಹೋದ ವರ್ಷ ಅದೇ ಮನುಷ್ಯ ‘ಬರ್ರಿ ಅಕ್ಕಾ, ಕೂಡ್ರಿ’ ಎಂದು ಚಹಾ ತರಿಸಿದ. ಚಹಾ ಕೆಟ್ಟದಾಗಿತ್ತು. ಆದರೂ ಪೂರ್ತಿ ಕುಡಿದೆ. ಆ ‘ಬರ್ರಿ’ಗಾಗಿ ನಾನು ಸಂಘದಲ್ಲಿದ್ದೇನೆ. ಇದಕ್ಕೆ ನಿಮ್ಮ ನಮೂನೆಯಲ್ಲಿ ಚೌಕ ಇದೆಯೇ?

ಆ ಲಾರಿಯನ್ನು ಗೊತ್ತು ಮಾಡಿದವರು ನಮ್ಮ ಊರಿನ ಇಸ್ಮಾಯಿಲ ಭಾಯಿ. ಸಭೆಗೆ ನಾಲ್ಕು ದಿನ ಮುಂಚೆ, ಹೊಲದಲ್ಲೇ ಸಿಡಿಲು ಬಡಿದು ತೀರಿಕೊಂಡರು. ಅವರ ಸೋಯಾ ಒಣಗಿ ನಿಂತಿತ್ತು; ಇನ್ನೊಂದು ಮಳೆ ಬಿದ್ದರೆ ಕಾಯಿಯಲ್ಲೇ ಮೊಳಕೆ. ಹೆಂಡತಿ ಅಕ್ಬರಿ ಗಂಡ ತೀರಿದವರು ಪಾಲಿಸುವ ಇದ್ದತ್ ಹಿಡಿದಿದ್ದಳು, ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಬರುವಂತಿರಲಿಲ್ಲ. ಸಭೆಯ ದಿನ ಬೆಳಿಗ್ಗೆ ಮೋಡ ಕವಿಯಿತು. ಸಭೆ ಮುಂದೂಡಿ ಎಂದು ಕೇಳಿದರೆ ನಿಮ್ಮ ಪ್ರತಿನಿಧಿ, ದಿನಾಂಕ ಮೇಲಿನಿಂದ ಬಂದದ್ದು ಎಂದರು. ಸಿಡಿಲೂ ಮೇಲಿನಿಂದಲೇ ಬಂದಿತ್ತು ಸ್ವಾಮಿ.

ಹಿರಿಯ ಸದಸ್ಯ ನಬೀಸಾಬ್ ಕಾಕಾ ಸಂಘದ ಬಾಗಿಲಲ್ಲಿ ನಿಂತು ಇಷ್ಟೇ ಅಂದರು: ‘ಸಭಾ ಮತ್ತೊಮ್ಮಿ ಆಗ್ತದ. ಮಳಿಗಿ ನಾಳಿ ಬಾ ಅಂದ್ರ ಕೇಳ್ತದೇನು? ನಡೀರಿ.’

ಅರವತ್ತು ಮಂದಿ ಕುಡುಗೋಲು ಹಿಡಿದು ಅಕ್ಬರಿಯ ಹೊಲಕ್ಕೆ ನಡೆದೆವು. ಮಳೆಗೆ ಮುಂಚೆ ಕೊಯ್ದು, ಬಣವೆ ಒಟ್ಟಿ, ತಾಡಪತ್ರಿ ಹೊದಿಸಿದೆವು. ಅಲ್ಲಿ ಹಾಜರಿ ಪುಸ್ತಕ ಇಡಲಿಲ್ಲ, ಅದು ನಮ್ಮ ತಪ್ಪು.

ಹೊಲದಲ್ಲಿದ್ದವರು ಅರವತ್ತು. ನಿಮ್ಮ ಪಟ್ಟಿಯ ಅರವತ್ತೊಂದನೆಯ ಗೈರುಹಾಜರಿ ಇಸ್ಮಾಯಿಲ ಭಾಯಿ. ‘ಖುದ್ದು ಹಾಜರಾಗಿ ಕಾರಣ ತಿಳಿಸತಕ್ಕದ್ದು’ ಎಂದು ಅವರ ಹೆಸರಿಗೂ ನೋಟಿಸು ಬಂದಿದೆ. ಅಕ್ಬರಿ ಅದನ್ನು ನನ್ನ ಕೈಗಿಟ್ಟು ಕೇಳಿದಳು: ‘ಆಮ್ರಪಾಲಿ ಅಕ್ಕಾ, ಇದಕ್ಕ ಏನಂತ ಜವಾಬ್ ಬರೀಬೇಕ?’ ನೋಟಿಸನ್ನು ಮಡಚಿ ತಂದು ಈ ಪತ್ರ ಬರೆಯಲು ಕೂತೆ.

ಸಂಘ ಮುಚ್ಚುವ ನೋಟಿಸನ್ನು ಹಿಂತೆಗೆದುಕೊಳ್ಳಿ. ಆ ದಿನ ಸಭೆ ಹೊಲದಲ್ಲಿ ನಡೆಯಿತೆಂದು ಬರೆದುಕೊಳ್ಳಿ, ಅರವತ್ತು ಸಹಿ ನಾವು ಹಾಕುತ್ತೇವೆ. ಅರವತ್ತೊಂದನೆಯ ಜವಾಬನ್ನು ನೀವೇ ಬರೆದು, ಖುದ್ದು ಬಂದು ಅಕ್ಬರಿಯ ಕೈಗೆ ಕೊಡಿ. ಇದ್ದತ್ ಮುಗಿಯುವಷ್ಟರಲ್ಲಿ ಅವಳ ತೊಗರಿಯೂ ರಾಶಿಯಾಗಿರುತ್ತದೆ. ಸಂಘವಿಲ್ಲದಿದ್ದರೆ ಹುಮನಾಬಾದಿನ ಆ ಬಿಸಿಲಲ್ಲಿ ಅವಳು ಒಬ್ಬಳೇ ಕೂರಬೇಕು.

ಇಂತಿ,
ಸಹಕಾರದಲ್ಲಿ ಆಸಕ್ತಿಯಿಲ್ಲದ ಅರವತ್ತು ಮಂದಿಯಲ್ಲಿ ಒಬ್ಬಳು,
ಆಮ್ರಪಾಲಿ
ಕೊಹಿನೂರ, ಬಸವಕಲ್ಯಾಣ ತಾಲ್ಲೂಕು