ಆಷಾಢದಲ್ಲಿ ಮುಚ್ಚಿಹೋದ ಜಾತಕ

ದೊಡ್ಡಮ್ಮಾ,

ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ಕೇಳದೆ ಬರೆಯಲು ಕೈ ಬರುತ್ತಿಲ್ಲ. ನಿನಗೊಂದು ದೊಡ್ಡ ಸುದ್ದಿ ಹೇಳುವುದಿದೆ. ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ನೀನು ಓದುವುದಿಲ್ಲ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಅದಕ್ಕೇ ಸಾವಧಾನವಾಗಿ ಬರುತ್ತೇನೆ.

ಕಡೂರಿನ ನಿನ್ನ ಮನೆಯ ಜಗಲಿ ನೆನಪಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟು ಮನೆಗಳ ಜಾತಕಗಳು ಅಲ್ಲಿ ನಿನ್ನ ಕೈ ಹಾದು ಹೋದವೋ. ಸಂಬಂಧ ಕೂಡಿಬರದಿದ್ದರೆ ಜಾತಕವನ್ನೂ ಫೋಟೋವನ್ನೂ ಲಕೋಟೆಗೆ ಹಾಕಿಕೊಂಡು, ಬಸ್ಸು ಹತ್ತಿ, ನೀನೇ ಅವರ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದೆ. ಯಾರು ಬೇಡ ಅಂದರು, ಯಾಕೆ ಅಂದರು, ಅವರೂ ಕೇಳಬಾರದು, ನೀನೂ ಹೇಳಬಾರದು. "ಅಂಚೇಲಿ ಹಾಕಿದ್ರೆ ಆಗಲ್ವಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹೆಣ್ಮಗು ಫೋಟೋ ಕಣೇ ಅದು, ಊರೆಲ್ಲ ಹಂಚೋಕೆ ಲಗ್ನಪತ್ರಿಕೆ ಅಲ್ಲ" ಎಂದು ಗದರಿದ್ದೆ.

ಅಂಥ ನಿನ್ನ ಮೊಮ್ಮಗಳಿಗೇ ಹಾಗಾಗಬೇಕೇ? ಪದ್ಮಕ್ಕನ ಮಗಳು ಚೈತ್ರಳ ನಿಶ್ಚಿತಾರ್ಥ ಮುರಿದ ಮೇಲೆ, ಒಳ್ಳೆಯದಾಗಲಿ ಅಂತಲೇ ಯಾರೋ ನೆಂಟರು ಅವಳ ಫೋಟೋ, ಜಾತಕ, ಫೋನ್ ನಂಬರು ಎಲ್ಲವನ್ನೂ ಒಂದು ಮೊಬೈಲ್ ಗುಂಪಿಗೆ ಹಾಕಿದರು. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಗುರುತಿಲ್ಲದ ಗಂಡಸರು ಫೋನ್ ಮಾಡತೊಡಗಿದರು. ನಿಶ್ಚಿತಾರ್ಥ ಯಾಕೆ ಮುರಿಯಿತು ಎಂಬುದಕ್ಕೆ ಊರಿಗೊಂದು ಕಥೆ ಹುಟ್ಟಿತು. ಆ ಹುಡುಗಿ ಆಮೇಲೆ ಮನೆಯವರ ಫೋಟೋದಲ್ಲೂ ನಿಲ್ಲುತ್ತಿರಲಿಲ್ಲ. "ಊರಿಗೆಲ್ಲ ಗಂಡು ಹುಡುಕ್ದೆ, ನನ್ ಮನೆ ಮಗೀಗೆ ಆಗ್ಲಿಲ್ಲ ಕಣೇ" ಎಂದು ಆಸ್ಪತ್ರೆಯ ಮಂಚದ ಮೇಲೆ ಕಣ್ಣೀರು ಹಾಕಿದೆಯಲ್ಲ, ಆ ಕೊರಗಿನಲ್ಲೇ ಹೋಗಿಬಿಟ್ಟೆಯಲ್ಲ...

ನಿನ್ನ ತಿಥಿ ಮುಗಿದ ಮೇಲೆ ಜನ ಪದ್ಮಕ್ಕನ ಹತ್ತಿರ ಜಾತಕ ತಂದರು. ಅವಳು ನನ್ನ ಕಡೆ ಕೈ ತೋರಿಸಿದಳು. "ನೀನು ತರೀಕೆರೇಲಿ ಮಕ್ಕಳಿಗೆ ಕಂಪ್ಯೂಟರ್ ಹೇಳ್ಕೊಡ್ತೀಯ, ನಮ್ಮಮ್ಮನ ಕೆಲ್ಸ ಅದ್ರಲ್ಲೇ ಮಾಡು." ಸರಿ ಎಂದು ಹಳೆಯ ಕಂಪ್ಯೂಟರೊಂದನ್ನು ತಂದು, ಅದನ್ನು ನಡೆಸಲು ಲಿನಕ್ಸ್, ಫೋಟೋ-ಜಾತಕ ಇಟ್ಟು ಕಳಿಸಲು ಇನ್ನೊಂದು ತಂತ್ರಾಂಶ ಹಾಕಿ, ನಮ್ಮ ಮನೆಯ ಕಪಾಟಿನ ಮೇಲೆ ಕೂರಿಸಿದೆ. ಇದರ ತಂತ್ರಾಂಶವೆಲ್ಲ ಮುಕ್ತ. ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ಓದಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಅಡುಗೆಯನ್ನು ಎದುರಿಗೇ ಮಾಡಿಸಿ ಊಟಕ್ಕೆ ಕೂತ ಹಾಗೆ. ಫೋಟೋಗಳು ಯಾವ ಕಂಪನಿಯ ಕೈಗೂ ಹೋಗದೆ ನಮ್ಮ ಮನೆಯಲ್ಲೇ ಇರುತ್ತವೆ. ಗಂಡಿನ ಕಡೆಯವರಿಗೆ ಒಂದು ಲಿಂಕ್ ಕಳಿಸಿ, ತೆರೆಯುವ ಗುಟ್ಟಿನ ಪದವನ್ನು ಫೋನಿನಲ್ಲಿ ಹೇಳುತ್ತೇನೆ. ಒಂದು ವಾರಕ್ಕೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಯಾರಾದರೂ ಫೋಟೋ ಉಳಿಸಿಕೊಂಡು ಹಂಚಿದರೆ? ಪ್ರತಿ ಫೋಟೋದ ಮೇಲೂ ಅದು ಯಾವ ಮನೆಗೆ ಹೋದದ್ದು ಎಂದು ಅಡ್ಡಲಾಗಿ ಬರೆದಿರುತ್ತದೆ, ಮರ್ಯಾದೆಯ ಭಯ ಅವರಿಗೂ ಇರಲಿ. "ಇದಕ್ಕಿಂತ ನಿಮ್ ದೊಡ್ಡಮ್ಮನ ಬಸ್ಸೇ ವಾಸಿ ಕಣೇ" ಎಂದು ಮನೆಯವರು ರೇಗಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚೈತ್ರ ಒಂದು ಭಾನುವಾರ ಬಂದು ಆ ಕಂಪ್ಯೂಟರಿನ ಮುಂದೆ ನಿಂತಳು. "ಇದ್ರಿಂದ ಆಚೆ ಹೋಗಲ್ವಾ ಚಿಕ್ಕಮ್ಮ?" ಎಂದಳು. "ನೀನು ಹೂಂ ಅಂದ ಮನೆಗೆ ಮಾತ್ರ ಹೋಗುತ್ತೆ" ಎಂದೆ. ಅಜ್ಜಂಪುರದ ಗಿರಿಜಮ್ಮನವರ ಮಗನ ವಿಷಯ ಹೇಳಿದೆ, ಹೂಂ ಅಂದಳು. ಕಳಿಸಿದೆ. ಅವರಿಂದ ಒಂದು ಮಾತಿಲ್ಲ. ಯಾಕೆ ಎಂದು ಕೇಳಬಾರದಲ್ಲ, ನೀನು ಹಾಕಿಕೊಟ್ಟ ದಾರಿ, ನಾನೂ ಸುಮ್ಮನಿದ್ದೆ. ಆಷಾಢ ಕಳೆಯಿತು. "ಅವ್ರಿಗೂ ಆ ಕಥೆ ಮುಟ್ಟಿರುತ್ತೆ, ನನ್ ಫೋಟೋ ತೆಗ್ದುಬಿಡಿ ಚಿಕ್ಕಮ್ಮ. ಇನ್ನು ಯಾರಿಗೂ ತೋರ್ಸೋದು ಬೇಡ" ಎಂದಳು.

ಶ್ರಾವಣದಲ್ಲಿ ಅಮೃತಾಪುರದ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವರು ಗಿರಿಜಮ್ಮನವರೇ. ನನ್ನ ಮುಖ ನೋಡಿದರು, ಕಿಟಕಿ ನೋಡಿದರು, ಕೊನೆಗೆ ತಡೆಯಲಾರದೆ, "ಕೇಳ್ಬಾರ್ದು ಅಂತ ಗೊತ್ತು ಕಣಮ್ಮ, ಆದ್ರೂ ಕೇಳ್ತೀನಿ. ನಮ್ ಹುಡುಗನಲ್ಲಿ ಏನ್ ಐಬು ಕಂಡ್ರಿ?" ಎಂದರು. "ಐಬಾ? ನಿಮ್ಮಿಂದ್ಲೇ ಒಂದು ಮಾತೂ ಬರ್ಲಿಲ್ವಲ್ಲ" ಎಂದೆ. ಆಗಿದ್ದಿಷ್ಟು. ಲಿಂಕ್ ಅವರಿಗೆ ಮುಟ್ಟಿದ್ದು ಆಷಾಢ ಹುಟ್ಟುವ ಹಿಂದಿನ ದಿನ. ಆಷಾಢದಲ್ಲಿ ಜಾತಕ ಯಾರು ಬಿಚ್ಚುತ್ತಾರೆ? ಶ್ರಾವಣದ ಮೊದಲ ಶುಕ್ರವಾರ ದೇವರಿಗೆ ದೀಪ ಹಚ್ಚಿ, ಮೊಬೈಲನ್ನು ದೇವರ ಮುಂದಿಟ್ಟು ತೆರೆದರೆ ಅದರಲ್ಲಿ ಏನೂ ಇಲ್ಲ. "ಹುಡ್ಗಿ ಕಡೆಯೋರು ಜಾತಕ ವಾಪಸ್ ತಗೊಂಡವ್ರೆ ಅಂದ್ಕೊಂಡು ಸುಮ್ಕಾದ್ವಿ" ಎಂದರು. ಅವರೂ ಮರ್ಯಾದಸ್ಥರು, ನಾನೂ ಮರ್ಯಾದಸ್ಥೆ, ಇಬ್ಬರ ಮರ್ಯಾದೆಯ ನಡುವೆ ಒಂದು ಮದುವೆ ಮುಳುಗಿಹೋಗುತ್ತಿತ್ತಲ್ಲ ದೊಡ್ಡಮ್ಮ. ಬಸ್ಸಿನಲ್ಲೇ ಇಬ್ಬರೂ ಗೊಳ್ಳೆಂದು ನಕ್ಕೆವು.

ಅದೇ ವಾರ ಕೂತು ಆ ತಂತ್ರಾಂಶವನ್ನು ತಿದ್ದಿದೆ. ಕಂಪನಿಯ ಬೀಗ ಹಾಕಿದ್ದಾಗಿದ್ದರೆ ಯಾರ ಕಾಲು ಹಿಡಿಯಬೇಕಿತ್ತೋ. ಇದು ತೆರೆದಿಟ್ಟದ್ದು, ನನ್ನ ಕೈಯಲ್ಲೇ ಆಯಿತು. ಈಗ ಆಷಾಢ ಬಂದರೆ ದಿನಗಳ ಎಣಿಕೆ ನಿಲ್ಲುತ್ತದೆ. ಅವಧಿ ಮುಗಿದ ಮೇಲೆ ತೆರೆದವರಿಗೆ, 'ಇದು ಬೇಡವೆಂದಲ್ಲ, ದಯವಿಟ್ಟು ಫೋನ್ ಮಾಡಿ' ಎಂದು ಕನ್ನಡದಲ್ಲಿ ಕಾಣುತ್ತದೆ. ತಿದ್ದಿದ್ದನ್ನು ಅದರ ಮೂಲ ಬರೆದವರಿಗೂ ಕಳಿಸಿದೆ. ಯಾವುದೋ ದೂರದ ದೇಶದವನು ಆಷಾಢವೆಂದರೇನು ಎಂದು ಕೇಳಿದ. ವಿವರಿಸಿದೆ. ಸಂದೇಶವನ್ನು ಅವರವರ ಭಾಷೆಯಲ್ಲಿ ಬರೆದುಕೊಳ್ಳುವ ಭಾಗವನ್ನು ಅವರು ಎಲ್ಲರಿಗಾಗಿ ಸೇರಿಸಿಕೊಂಡರು. ತರೀಕೆರೆಯ ಒಬ್ಬ ಟೀಚರು ತಿದ್ದಿದ್ದನ್ನು ಈಗ ಎಲ್ಲೆಲ್ಲಿಯ ಜನ ಬಳಸುತ್ತಿದ್ದಾರೋ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ?

ಬಸ್ಸಿನ ಕಥೆ ಕೇಳಿ ಚೈತ್ರ ಮತ್ತೆ ಹೂಂ ಅಂದಳು. ಗಿರಿಜಮ್ಮನವರು ಮಗನ ಜೊತೆ ಹೆಣ್ಣು ನೋಡಲು ಬಂದ ದಿನ ನೀನು ಇರಬೇಕಿತ್ತು. ಕಾಫಿ ಲೋಟ ಕೊಟ್ಟವಳೇ ಚೈತ್ರ ಎದುರಿಗೇ ಕೂತಳು. "ನನ್ ನಿಶ್ಚಿತಾರ್ಥ ಒಂದ್ಸಲ ಮುರ್ದಿದೆ. ಬೇರೆಯವ್ರ ಬಾಯಲ್ಲಿ ಕೇಳೋದ್ ಬೇಡ, ನಾನೇ ಹೇಳ್ತೀನಿ. ನರ್ಸ್ ಕೆಲ್ಸ ಬಿಡು ಅಂದ್ರು, ಬಿಡಲ್ಲ ಅಂದೆ." ಪದ್ಮಕ್ಕ ಹಿಂದಿನಿಂದ ಅವಳ ಸೆರಗು ಎಳೆದಳು. ಹುಡುಗ, "ಅಷ್ಟೇನಾ?" ಎಂದ. ಗಿರಿಜಮ್ಮ, "ನಮ್ಮನೇಲೂ ಬಿಪಿ ನೋಡೋರು ಒಬ್ರು ಬೇಕಿತ್ತು ಕಣಮ್ಮ" ಎಂದರು. ಅವಳನ್ನು ಬಚ್ಚಿಟ್ಟು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆ ನಾನು. ಅವಳಿಗೆ ಬೇಕಾಗಿದ್ದು ಬಚ್ಚಿಟ್ಟುಕೊಳ್ಳುವುದಲ್ಲ, ತನ್ನ ಮಾತನ್ನು ತಾನೇ ಮೊದಲು ಹೇಳುವುದು.

ಈಗ ಸುದ್ದಿ. ನಿನ್ನ ಮೊಮ್ಮಗಳ ಮದುವೆ ಆಯಿತು, ದೊಡ್ಡಮ್ಮ. ಅಜ್ಜಂಪುರದಲ್ಲಿ, ಚೆನ್ನಾಗಿ ಆಯಿತು. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೊಬೈಲ್ ತೆಗೆದರೆ ನೆಂಟರ ಗುಂಪಿನಲ್ಲಿ ಚೈತ್ರಳ ಫೋಟೋ. ತಾಳಿ ಕಟ್ಟಿಸಿಕೊಂಡು, ಬಾಯಿ ತುಂಬ ನಗುತ್ತಾ, ಊರಿಗೆಲ್ಲ ಕಾಣುವ ಹಾಗೆ. ತಕ್ಷಣ ಅವಳಿಗೇ ಫೋನ್ ಮಾಡಿ, "ಯಾರೇ ಇದನ್ನ ಹಾಕಿದ್ದು? ಯಾರ್ ಕೊಟ್ರು ಅವ್ರಿಗೆ?" ಎಂದೆ.

"ನಾನೇ ಹಾಕಿದ್ದು ಚಿಕ್ಕಮ್ಮ" ಎಂದಳು. "ಎಲ್ರೂ ನೋಡ್ಲಿ ಅಂತ."

ನಿನ್ನ,
ಸುಧಾ