ನನ್ನದೇ ಅಕ್ಷರದ ಲಕೋಟೆ

ಪ್ರೀತಿಯ ವಿಠಲಣ್ಣ,

ನಾನು ನಿಮಗೆ ಬರೆದ ಪತ್ರಗಳಲ್ಲಿ ಜೊತೆಗೆ ಲೇಖನವಿಲ್ಲದ ಮೊದಲ ಪತ್ರ ಇದು. ಹಾಗಾಗಿ ಹೆದರಬೇಡಿ, ಪೆನ್ಸಿಲ್ ಹುಡುಕುವ ಕೆಲಸವಿಲ್ಲ. ನೀವು ಹೋಗಿ ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು ಅನ್ನುತ್ತೀರಾ? ಐದು ತಿಂಗಳೇನು, ಹನ್ನೆರಡು ವರ್ಷ ತಡವಾಗಿದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಬಲ್ಮಠದ ನಿಮ್ಮ ಪತ್ರಿಕಾ ಕಚೇರಿಯ ಮೆಟ್ಟಿಲು ನಾನು ಮೊದಲು ಹತ್ತಿದ ದಿನ ನಿಮಗೆ ನೆನಪಿದೆಯಾ? ಕಾಲೇಜು ಮುಗಿಸಿದ ವರ್ಷ. ಭಾನುವಾರದ ಪುರವಣಿ ನೋಡಿಕೊಳ್ಳುವವರು ನೀವು ಎಂದು ಯಾರೋ ತೋರಿಸಿದರು. ಹಾಳೆಗಳನ್ನು ಮೇಜಿನ ಮೇಲಿಟ್ಟು, "ಸರ್, ಇದು ಬರ್ತದಾ?" ಅಂದೆ. ನೀವು ತಲೆ ಎತ್ತದೆ, "ಸರ್ ಅಲ್ಲ, ಅಣ್ಣ ಅಂತ ಹೇಳು. ಲಕೋಟೆ ಎಲ್ಲಿ ಉಂಟು?" ಎಂದು ಕೇಳಿದಿರಿ. ಎಂತ ಲಕೋಟೆ ಎಂದು ನನಗೆ ತಿಳಿಯಲಿಲ್ಲ. "ನಿನ್ನ ವಿಳಾಸ ನೀನೇ ಬರೆದು, ಸ್ಟಾಂಪ್ ಅಂಟಿಸಿ, ಲೇಖನದ ಒಟ್ಟಿಗೆ ಇಡ್ಬೇಕು. ಆಗುವುದಾದ್ರೆ ಪೇಪರಲ್ಲೇ ಕಾಣ್ತದೆ. ಆಗದಿದ್ರೆ ಆ ಲಕೋಟೆಯಲ್ಲಿ ಮನೆಗೆ ಬರ್ತದೆ. ಮತ್ತೆ ನನ್ನ ಮೇಲೆ ಸಿಟ್ಟು ಮಾಡ್ಬೇಡ." ಅಂದಿನಿಂದ ಅಂಚೆಯಲ್ಲಿ ನನ್ನದೇ ಅಕ್ಷರ ಕಂಡರೆ ಲೇಖನ ಬೇಡವಾಯಿತು ಎಂದೇ ಅರ್ಥ.

ಮೊದಲು ವಾಪಸ್ ಬಂದ ಲೇಖನದಲ್ಲಿ ಎರಡನೇ ವಾಕ್ಯದ ಕೆಳಗೆ ಒಂದು ಪೆನ್ಸಿಲ್ ಚುಕ್ಕಿ ಇತ್ತು. ನನ್ನ ಕೋಪ ನಿಮಗೆ ಗೊತ್ತಲ್ಲ, ಮರುದಿನವೇ ಹಾಜರಾದೆ. "ಇದೆಂತ ಚುಕ್ಕಿ ಅಣ್ಣ?" "ನಾನು ಓದುದು ನಿಲ್ಲಿಸಿದ್ದು ಅಲ್ಲಿ." "ಎರಡನೇ ವಾಕ್ಯದಲ್ಲೇ?" "ಮೊದಲಿನದ್ದೇ ಸಾಕಿತ್ತು ಮಾರಾಯ್ತಿ. ಸ್ಟಾಂಪ್ ನೋಡಿ ಪಾಪ ಅನ್ನಿಸಿತು, ಇನ್ನೊಂದು ಓದಿದೆ." ಅಬ್ಬಾ, ಆ ದಿನ ನಿಮ್ಮನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೆ! ಆದರೂ ಬರೆದೆ. ವರ್ಷ ಕಳೆದಂತೆ ಚುಕ್ಕಿ ಕೆಳಗೆ ಇಳಿಯಿತು. ಎರಡನೇ ಪುಟಕ್ಕೆ ಬಂತು, ಮೂರನೆಯದಕ್ಕೆ ಬಂತು. ನಡುವೆ ಐದಾರು ಅಚ್ಚಾದವು, ಆ ಭಾನುವಾರಗಳಲ್ಲಿ ನಾನು ಜೆಪ್ಪುವಿನ ನಮ್ಮ ಮನೆಯ ಓಣಿಯಲ್ಲಿ ತಲೆ ಎತ್ತಿ ನಡೆದೆ.

ಉಳಿದ ದಿನಗಳ ಕಥೆ ನಿಮಗೆ ಹೇಳಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ, "ನೀನು ಎಂತ ಮಾಡುದು?" ಎಂದು ಕೇಳಿದರೆ, "ಬರೆಯುದು" ಅನ್ನುತ್ತಿದ್ದೆ. "ಅದು ಹೌದು, ಕೆಲಸ ಎಂತ?" ಕ್ಲಿನಿಕ್ಕಿನ ಕರಪತ್ರ, ಹೋಟೆಲಿನ ಮೆನು, ಸಭಾಂಗಣದ ಜಾಹೀರಾತು, ಇವೆಲ್ಲ ಬರೆದದ್ದು ನಾನೇ. ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸಿದ್ದು ವಾಪಸ್ ಕೂಡ ಬರುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಬೇಡವೆಂದರು. ಆಗಲೇ ನಾನು ನಿಮಗೆ ಉಮ್ಮನ, ಅಂದರೆ ನನ್ನ ತಾಯಿಯ, ಮೇಲೆ ಬರೆದ ಲೇಖನ ಕೊಟ್ಟು, "ಇದೂ ವಾಪಸ್ ಬಂದರೆ ನಾನು ಬರೆಯುದೇ ಬಿಡ್ತೇನೆ ಅಣ್ಣ" ಅಂದದ್ದು. ನೀವು ನಗಲಿಲ್ಲ.

ಅದರಲ್ಲಿ ಇದ್ದದ್ದು ಇಷ್ಟೇ. ಉಪ್ಪ, ನನ್ನ ತಂದೆ, ಸೌದಿಯಲ್ಲಿ ಅಂಗಡಿಯೊಂದರಲ್ಲಿದ್ದರು. ಅವರ ಪತ್ರ ಕನ್ನಡದಲ್ಲಿ ಬರುತ್ತಿತ್ತು. ಉಮ್ಮನಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಓದಿ ಹೇಳುವವಳು ಒಂಬತ್ತು ವರ್ಷದ ನಾನು. ಒಂದು ಪತ್ರದಲ್ಲಿ ಉಪ್ಪ, ಈ ಹಬ್ಬಕ್ಕೂ ಬರಲಾಗುವುದಿಲ್ಲ ಎಂದು ಬರೆದಿದ್ದರು. ಉಮ್ಮನ ಮುಖ ನೋಡಿದೆ. "ಬರುತ್ತೇನೆ" ಎಂದು ಓದಿಬಿಟ್ಟೆ. ಉಮ್ಮ ಗೋಡೆಗೆ ಸುಣ್ಣ ಬಳಿಸಿದರು, ಉಪ್ಪನಿಗೆ ಬಿಳಿ ಅಂಗಿ ಹೊಲಿಸಿದರು. ಹಬ್ಬ ಬಂತು, ಉಪ್ಪ ಬರಲಿಲ್ಲ. ಉಮ್ಮ ಅಂಗಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು, ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಲೇಖನ ಅಲ್ಲಿಗೆ ಮುಗಿದಿತ್ತು.

ನಿಮಗೆ ಅದನ್ನು ಕೊಟ್ಟ ಮೂರು ವಾರ ಬಿಟ್ಟು ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಅದನ್ನು ಉಮ್ಮನ ಕೈಗೆ ಕೊಟ್ಟ. ದಪ್ಪ ಲಕೋಟೆ, ಮೇಲೆ ನನ್ನ ಅಕ್ಷರ. ಓದಲು ಬಾರದ ಉಮ್ಮನಿಗೂ ಅದರ ಗುರುತು ಸಿಗುತ್ತಿತ್ತು. "ಪುನಃ ಬಂತಾ?" ಎಂದರು ಮೆಲ್ಲಗೆ. ಆ "ಪುನಃ" ಅನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಒಡೆಯದೆ ಕಪಾಟಿನ ಮೇಲಕ್ಕೆ ಎಸೆದೆ. ಈ ಸಲ ಚುಕ್ಕಿ ಎಲ್ಲಿದೆ ಎಂದು ನೋಡುವ ಧೈರ್ಯವಿರಲಿಲ್ಲ. ಉಮ್ಮನ ಮೇಲೆ ಬರೆದದ್ದರಲ್ಲಿ ನೀವು ಎಲ್ಲಿ ನಿಲ್ಲಿಸಿದ್ದೀರೋ...

ಮತ್ತೆ ನಿಮ್ಮ ಮೆಟ್ಟಿಲು ಹತ್ತಲಿಲ್ಲ. ಕರಪತ್ರ ಬಿಟ್ಟು ಬೇರೇನೂ ಬರೆಯಲಿಲ್ಲ. ಒಮ್ಮೆ ಬಲ್ಮಠದ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದಿರಿ, ರಿಟೈರ್ ಆದ ಮೇಲೆ. ನನ್ನನ್ನು ಕಂಡು ಕೈ ಎತ್ತಿದಿರಿ. ನಾನು ಕಾಣದವಳ ಹಾಗೆ ಎದುರಿಗೆ ಬಂದ ಬಸ್ಸು ಹತ್ತಿದೆ. ಜೆಪ್ಪುವಿಗೆ ಹೋಗಬೇಕಾದವಳು ಬಿಜೈಯಲ್ಲಿ ಇಳಿದೆ. ಎತ್ತಿದ ಆ ಕೈಯನ್ನು ನೀವು ಯಾವಾಗ ಇಳಿಸಿದಿರಿ ಅಣ್ಣ?

ನೀವು ಹೋದ ಸುದ್ದಿ ವಾಟ್ಸಾಪಿನಲ್ಲಿ ಬಂತು. ಒಂದು ವಾರ ಬಿಟ್ಟು, ನಾಚಿಕೆ ಕಟ್ಟಿಟ್ಟು, ಮನೆಗೆ ಹೋದೆ. ನಿಮ್ಮ ಹೆಂಡತಿ ಸುಮತಿಯಕ್ಕ ನನ್ನ ಹೆಸರು ಕೇಳಿದವರೇ ಕೂತಲ್ಲಿಂದ ಎದ್ದರು. "ಝೊಹರಾ ಅಂದ್ರೆ ನೀನಾ? ಎಂತ ಮಾರಾಯ್ತಿ, ನೀನು ಅವರಿಗೆ ಉತ್ತರವೇ ಕೊಡ್ಲಿಲ್ವಲ್ಲ! ಅವರ ಕೊನೆಯ ಪುರವಣಿಯಲ್ಲಿ ನಿನಗೆ ಅಂತ ಪುಟ ಇಟ್ಟು ಕಾದ್ರು. ಕೊನೆಗೆ ಅಲ್ಲಿ ಪತ್ರೊಡೆ ಮಾಡುವ ವಿಧಾನ ಹಾಕಿದ್ರು." ಅವರು ಕೊಟ್ಟ ಚಹಾ ಮುಗಿಸದೆ ಓಡಿ ಬಂದೆ.

ಕಪಾಟಿನ ಮೇಲೆ, ಉಮ್ಮನ ಖಾಲಿ ಮದ್ದಿನ ಪೆಟ್ಟಿಗೆಗಳ ಅಡಿಯಲ್ಲಿ, ಲಕೋಟೆ ಹಾಗೇ ಇತ್ತು. ಒಡೆದೆ. ಪ್ರತಿ ಪುಟ ಮೂರು ಮೂರು ಸಲ ನೋಡಿದೆ. ಚುಕ್ಕಿ ಇರಲಿಲ್ಲ. ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ನೀವು ಬರೆದಿದ್ದಿರಿ: "ಝೊಹರಾ, ಇದು ಅಚ್ಚಿಗೆ ಹೋಗ್ತದೆ. ಒಂದೇ ಪ್ರಶ್ನೆ. ನೀನು ಸುಳ್ಳು ಓದಿದ್ದು ಉಮ್ಮನಿಗೆ ಗೊತ್ತಿತ್ತಾ? ಅವರ ಹತ್ತಿರವೇ ಕೇಳಿ ಒಂದು ವಾಕ್ಯ ಸೇರಿಸಿ ಕಳಿಸು. ಆಫೀಸಲ್ಲಿ ಸ್ಟಾಂಪ್ ಇಲ್ಲ, ನಿನ್ನ ಲಕೋಟೆಯಲ್ಲೇ ಹಾಕಿದ್ದೇನೆ."

ಒಂದು ಫೋನ್ ಮಾಡಬಾರದಿತ್ತಾ? ಮಾಡುವವರಲ್ಲ ನೀವು. ಬರೆಯುವವರಿಗೆ ಬರೆದೇ ಹೇಳಬೇಕು ಎಂಬ ನಿಮ್ಮ ಹಟ! ನಾನಾದರೂ ಒಡೆಯಬಾರದಿತ್ತಾ? ನಾನು ಲಕೋಟೆ ಎಸೆದ ಹೊತ್ತಿಗೆ ಉಮ್ಮ ಅಡುಗೆಮನೆಗೆ ಮರಳಿ ತೆಂಗಿನಕಾಯಿ ತುರಿಯುತ್ತಿದ್ದರು. ಕಪಾಟಿನಿಂದ ಅಲ್ಲಿಗೆ ಹತ್ತು ಹೆಜ್ಜೆ. ಆಮೇಲೂ ಅವರು ಏಳು ವರ್ಷ ಇದ್ದರು ಅಣ್ಣ. ಏಳು ವರ್ಷ ಆ ಪ್ರಶ್ನೆಯನ್ನು ಕಪಾಟಿನ ಮೇಲಿಟ್ಟುಕೊಂಡು ನಾನು ಅದರ ಕೆಳಗೆ ಉಂಡೆ, ಮಲಗಿದೆ. ಅವರ ಮದ್ದಿನ ಪೆಟ್ಟಿಗೆಗಳನ್ನು ಅದರ ಮೇಲೆಯೇ ಇಟ್ಟೆ. ಈಗ ಯಾರ ಹತ್ತಿರ ಕೇಳಲಿ?

ಹಳೆಯ ಲೇಖನಗಳನ್ನೆಲ್ಲ ಹೊರಗೆ ತೆಗೆದು ನಿಮ್ಮ ಚುಕ್ಕಿಗಳನ್ನು ಒಂದೊಂದಾಗಿ ನೋಡಿದೆ. ಚುಕ್ಕಿ ಇರುವಲ್ಲೆಲ್ಲ ನಾನು ಒಂದೋ ಜಂಬ ಮಾಡಿದ್ದೆ, ಇಲ್ಲವೇ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆದಿದ್ದೆ. ನಾನು ಅವಮಾನ ಎಂದುಕೊಂಡದ್ದು ಇದನ್ನು. ಅಷ್ಟು ಗಮನವಿಟ್ಟು ನನ್ನನ್ನು ಓದಿದವರು ಇನ್ನು ಯಾರಿದ್ದರು? ಪುನಃ ಬರೆದು ಕಳಿಸಲು ಶುರು ಮಾಡಿದ್ದೇನೆ. ಈಗ ಬೇಡ ಅನ್ನುವವರು ಎರಡು ಸಾಲಿನ ಮೇಲ್ ಕಳಿಸುತ್ತಾರೆ. ನಾನು ಪ್ರತಿಯೊಬ್ಬರಿಗೂ, "ಓದುವುದನ್ನು ಎಲ್ಲಿ ನಿಲ್ಲಿಸಿದಿರಿ?" ಎಂದು ಬರೆದು ಕೇಳುತ್ತೇನೆ. ಯಾರೂ ಹೇಳುವುದಿಲ್ಲ. ಒಬ್ಬಳು ಮಾತ್ರ, "ಮೂರನೇ ಪ್ಯಾರಾ ಮೇಡಂ, ಸಾರಿ" ಎಂದಳು. ಆ ಹುಡುಗಿಯ ಮೇಲ್ ನೋಡಿ ಅತ್ತುಬಿಟ್ಟೆ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಉಮ್ಮನ ಲೇಖನದ ಹೊಸ ಪ್ರತಿ ಮಾಡಿ, ಈಗಲೂ ಕಾಗದದಲ್ಲಿ ತೆಗೆದುಕೊಳ್ಳುವ ಒಂದು ಮಾಸಿಕಕ್ಕೆ ಕಳಿಸಿದೆ, ಲಕೋಟೆ ಸಮೇತ. ಇಂದು ಬೆಳಿಗ್ಗೆ ವಾಪಸ್ ಬಂತು. ಚಪ್ಪಲಿ ಕೂಡ ಕಳಚದೆ ಬಾಗಿಲಲ್ಲೇ ಒಡೆದೆ. ಬೇಡವಂತೆ. ಚುಕ್ಕಿಯೂ ಇಲ್ಲ, ಪ್ರಶ್ನೆಯೂ ಇಲ್ಲ. ನಾಳೆ ಬೇರೆ ಕಡೆಗೆ ಹೋಗುತ್ತದೆ, ಲಕೋಟೆಯ ಮೇಲೆ ವಿಳಾಸ ಬರೆದಾಯಿತು. ನಿಮ್ಮ ಪೆನ್ಸಿಲ್ ಇರುವ ಪುಟವನ್ನು ಮಾತ್ರ ಎಲ್ಲಿಗೂ ಕಳಿಸುವುದಿಲ್ಲ. ಅದರ ಕೆಳಗೆ, ನೀವು ಕೇಳಿದ ಹಾಗೆ, ಒಂದು ವಾಕ್ಯ ಸೇರಿಸಿದ್ದೇನೆ: ಉಮ್ಮ ಪಕ್ಕದ ಕೋಣೆಯಲ್ಲಿದ್ದರು, ನಾನು ಕೇಳಲಿಲ್ಲ.

ನಿಮ್ಮ,
ಝೊಹರಾ